ಬಿಸಿಲಲ್ಲಿ ಏರು ಹತ್ತುವಾಗ ಗಾಡಿ ಎಳೆಯುತ್ತಿಲ್ಲ: ಪ್ಲಗ್, ಕಾಯಿಲ್, ಸೆನ್ಸರ್ ಬದಲಿಸಿದರೂ ಅದೇ ತೊಂದರೆ

ಬಿಸಿಲೂರವ, ಕಲಬುರಗಿ

ಎಲ್ಲರಿಗೂ ಶರಣು. ಮೂರು ತಿಂಗಳಿಂದ ಗಾಡಿಗೆ ಒಂದು ತೊಂದರೆ ಅಂಟಿಕೊಂಡಿದೆ, ಬಿಡುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ದಾರಿ ಹೇಳಿ.

2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಸಿಲಿಂಡರ್, 1.2 ಲೀಟರ್, 91 ಸಾವಿರ ಕಿಲೋಮೀಟರ್ ಓಡಿದೆ. ಅಪ್ಪ ತೆಗೆದುಕೊಂಡಿದ್ದು, ಈಗ ನಾನು ಓಡಿಸುತ್ತೇನೆ.

ಬೆಳಿಗ್ಗೆ ಏನೂ ತೊಂದರೆ ಇಲ್ಲ. ಸೂಪರ್ ಮಾರ್ಕೆಟ್ ಕಡೆ ಹೋಗಿ ಬಂದರೂ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಹುಮನಾಬಾದ್ ರಸ್ತೆ ಹಿಡಿದರೆ ಶುರು. ಅರ್ಧ ಮುಕ್ಕಾಲು ಗಂಟೆ ಓಡಿ, ಕಮಲಾಪುರದ ಹತ್ತಿರ ಏರು ಬಂದಾಗ ಮೂರನೇ ಗೇರ್‌ನಲ್ಲಿ ರೇಸ್ ಕೊಟ್ಟರೆ ಗಾಡಿ ಎತ್ತುವುದೇ ಇಲ್ಲ. ಝಟಕಾ ಹೊಡೆಯುತ್ತದೆ. ಪೆಡಲ್ ಪೂರ್ತಿ ಒತ್ತಿದರೆ ಇನ್ನೂ ಕೆಟ್ಟದಾಗುತ್ತದೆ, ಸ್ವಲ್ಪ ಬಿಟ್ಟರೆ ಮತ್ತೆ ಎಳೆಯುತ್ತದೆ. ಎಸಿ ಹಾಕಿದ್ದರೆ ಜಾಸ್ತಿ. ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಹತ್ತು ಕಿಲೋಮೀಟರ್ ಸರಿ ಇರುತ್ತದೆ.

ಚೆಕ್ ಎಂಜಿನ್ ದೀಪ ಒಮ್ಮೆ ಬಂದಿತ್ತು. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0171 ಅನ್ನುವ ದೋಷದ ಕೋಡ್ ತೋರಿಸಿತು. ಮೊದಲು ನಾಲ್ಕೂ ಪ್ಲಗ್ ಬದಲಿಸಿದರು. ಆಮೇಲೆ ಏರ್ ಫಿಲ್ಟರ್, ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಕಾಯಿಲ್, ಹೊಗೆಯಲ್ಲಿನ ಆಮ್ಲಜನಕ ನೋಡುವ ಮುಂದಿನ ಆಕ್ಸಿಜನ್ ಸೆನ್ಸರ್. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು. 14 ಸಾವಿರ ಖರ್ಚಾಯಿತು. ತೊಂದರೆ ಮಾತ್ರ ಇದ್ದ ಹಾಗೆಯೇ ಇದೆ. ಈಗ ಟ್ಯಾಂಕ್ ಒಳಗಿನ ಫ್ಯುಯೆಲ್ ಪಂಪ್ ಹಾಕಿಸಿ ನೋಡೋಣ ಅನ್ನುತ್ತಿದ್ದಾರೆ. ಅದಕ್ಕೆ ಇನ್ನೂ ಏಳು ಸಾವಿರ.

ಪ್ರತಿ ತಿಂಗಳು ಅವ್ವನನ್ನು ಕಣ್ಣಿನ ಆಸ್ಪತ್ರೆಗೆ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಬೇಕು. ಹೋದ ಸಲ ಲಾರಿ ದಾಟುವಾಗ ಗಾಡಿ ನಡುವೆಯೇ ಎಳೆಯುವುದು ಬಿಟ್ಟಿತು. ಎದುರಿನಿಂದ ಬಸ್ ಬರುತ್ತಿತ್ತು. ಅವತ್ತಿನಿಂದ ನನಗೆ ನಿಜಕ್ಕೂ ಭಯವಾಗಿದೆ. ಮನೆಯಲ್ಲೇ ಏನಾದರೂ ಪರೀಕ್ಷೆ ಮಾಡಿ ಕಾರಣ ಹಿಡಿಯಬಹುದಾ? ನನ್ನ ಹತ್ತಿರ ಪಾನಾ ಸೆಟ್ ಇದೆ, ಒಂದು ಮಲ್ಟಿಮೀಟರ್ ಇದೆ.

ಸೇಡಂ ರಸ್ತೆ, ಕಲಬುರಗಿ

ಪೆಟ್ರೋಲ್ ನೋಡಿದ್ದೀರಾ? ಬಂಕ್ ಬದಲಿಸಿ ಒಂದು ಟ್ಯಾಂಕ್ ಹಾಕಿಸಿ ನೋಡಿ. ಈಗ ಎಲ್ಲ ಕಡೆ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬರುತ್ತಿದೆ. 2014ರ ಗಾಡಿಗೆ ಅದು ಹಿಡಿಸದೆಯೂ ಇರಬಹುದು. ಇನ್ನೊಂದು, ನಮ್ಮ ಕಡೆ ಧೂಳು. ನಾನು ದಿನಾ ಸಿಮೆಂಟ್ ಫ್ಯಾಕ್ಟರಿ ದಾರಿಯಲ್ಲಿ ಓಡಾಡುತ್ತೇನೆ. ಏರ್ ಫಿಲ್ಟರ್ ಆರು ಸಾವಿರ ಕಿಲೋಮೀಟರ್‌ಗೇ ಬೂದಿ ಬಣ್ಣ ಆಗಿರುತ್ತದೆ.

ಭೀಮಾ ದಂಡೆ, ಯಾದಗಿರಿ

ನನಗೂ ಹೀಗೇ ಆಗಿತ್ತು. ಕೊನೆಗೆ ಸಿಕ್ಕಿದ್ದು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಇದ್ದರೂ ತಿಂಗಳುಗಟ್ಟಲೆ ಓಡಿಸಿದ್ದೆ. ಸುಡದ ಪೆಟ್ರೋಲ್ ಹೋಗಿ ಅಲ್ಲೇ ಉರಿದು, ಒಳಗಿನ ಜೇನುಗೂಡಿನಂಥ ಭಾಗ ಕರಗಿ ಕಟ್ಟಿಕೊಂಡಿತ್ತು. ಹೊಗೆ ಹೊರಗೆ ಹೋಗದಿದ್ದರೆ ಗಾಳಿ ಒಳಗೆ ಹೇಗೆ ಬರಬೇಕು? ಅದನ್ನು ನೋಡಿಸಿ.

ಪಾನಾ ಕಾಕಾ, ಬೀದರ್

ತಮ್ಮಾ, ಮೊದಲು ಒಂದು ಮಾತು. ಇನ್ನು ಮೇಲೆ ಒಂದು ರೂಪಾಯಿಯ ಪಾರ್ಟ್ ಕೂಡ ತೆಗೆದುಕೊಳ್ಳಬೇಡ. ಇಲ್ಲಿಯವರೆಗೆ ಬದಲಿಸಿದ್ದೆಲ್ಲ ಊಹೆಯ ಮೇಲೆ ಬದಲಿಸಿದ್ದು. ಪಂಪ್ ಕೂಡ ಊಹೆಯೇ. ನಾನು 31 ವರ್ಷ ಬಸ್ ಡಿಪೋ ವರ್ಕ್‌ಶಾಪ್‌ನಲ್ಲಿ ಇದ್ದವನು. ಊಹೆಯಿಂದ ಒಳ್ಳೆ ಪಾರ್ಟ್‌ಗಳು ಗುಜರಿಗೆ ಹೋಗುವುದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ.

ಇದಕ್ಕೆ ಉತ್ತರ ಕೊಡು. ಎಳೆಯದೆ ಇದ್ದಾಗ ಆರ್‌ಪಿಎಂ ಮುಳ್ಳು ಏರುತ್ತದಾ, ನಿಂತಿರುತ್ತದಾ? ಮುಳ್ಳು ಏರಿ ವೇಗ ಏರದಿದ್ದರೆ ಅದು ಕ್ಲಚ್, ಎಂಜಿನ್ ಅಲ್ಲ. ಟೆಂಪರೇಚರ್ ಮುಳ್ಳು ಎಲ್ಲಿರುತ್ತದೆ? ಟ್ಯಾಂಕ್ ತುಂಬಿದಾಗಲೂ ಹೀಗೇ ಇರುತ್ತದಾ, ಕಡಿಮೆ ಇದ್ದಾಗ ಜಾಸ್ತಿಯಾ? ಗಾಡಿ ಯಾವಾಗಾದರೂ ನೀರಿನಲ್ಲಿ ನಿಂತಿತ್ತಾ, ಇಲಿ ವೈರ್ ಕಡಿದಿತ್ತಾ?

ಆಮೇಲೆ ಒಂದು ಬ್ಲೂಟೂತ್ ಸ್ಕ್ಯಾನರ್ ತರಿಸಿಕೋ. ಆರುನೂರು ಏಳುನೂರರಲ್ಲಿ ಸಿಗುತ್ತದೆ. 2013ರ ಏಪ್ರಿಲ್ ನಂತರದ ಬಿಎಸ್ 4 ಕಾರುಗಳಲ್ಲಿ ಎಂಜಿನ್ ದೋಷ ತಾನೇ ಗುರುತಿಸುವ ಒಬಿಡಿ-2 ವ್ಯವಸ್ಥೆ ಇದೆ, ನಿನ್ನ ಗಾಡಿಗೆ ಸಾಕು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಇದು ಪಾರ್ಟ್ ಅಲ್ಲ, ಹತಾರ. ಹತಾರಕ್ಕೆ ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಬಿಸಿಲೂರವ, ಕಲಬುರಗಿ

ಕಾಕಾ, ಆರ್‌ಪಿಎಂ 3000ದ ಹತ್ತಿರ ನಿಂತುಬಿಡುತ್ತದೆ, ಏರುವುದಿಲ್ಲ. ಟೆಂಪರೇಚರ್ ನಡುವೆಯೇ ಇರುತ್ತದೆ. ಟ್ಯಾಂಕ್ ವಿಷಯ ನೀವು ಕೇಳಿದ ಮೇಲೆ ಹೊಳೆಯಿತು, ಕಾಲು ಟ್ಯಾಂಕ್‌ಗಿಂತ ಕೆಳಗೆ ಹೋದರೆ ತೊಂದರೆ ಬೇಗ ಶುರುವಾಗುತ್ತದೆ. ನೀರಿನಲ್ಲಿ ನಿಂತಿಲ್ಲ, ನನಗೆ ಗೊತ್ತಿದ್ದ ಮಟ್ಟಿಗೆ. ಇಲಿ ಇಲ್ಲ. ಸ್ಕ್ಯಾನರ್ ಆರ್ಡರ್ ಮಾಡಿದ್ದೇನೆ.

ಪಾನಾ ಕಾಕಾ, ಬೀದರ್

ಒಳ್ಳೆಯದು. ಕ್ಲಚ್ ಬಿಟ್ಟೆವು. ಸ್ಕ್ಯಾನರ್ ಬಂದ ಮೇಲೆ ಏನು ನೋಡಬೇಕು ಅಂತ ಹೇಳುತ್ತೇನೆ.

ಪಿ0171 ಅಂದರೆ ಮಿಶ್ರಣ ಲೀನ್. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ. ಅದು ಸೆನ್ಸರ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಸೆನ್ಸರ್ ದೂರು ಕೊಟ್ಟಿತು, ದೂರು ಕೊಟ್ಟವನನ್ನೇ ಬದಲಿಸಿದರು. ಬರೀ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ತಪ್ಪಿದಾಗ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತಾನೇ ಪೆಟ್ರೋಲ್ ಜಾಸ್ತಿ ಕಡಿಮೆ ಮಾಡಿ ಸರಿದೂಗಿಸುತ್ತದೆ. ಎಷ್ಟು ಶೇಕಡಾ ಸರಿದೂಗಿಸುತ್ತಿದೆ ಅನ್ನುವುದೇ ಫ್ಯುಯೆಲ್ ಟ್ರಿಮ್. ಪ್ಲಸ್ ಇದ್ದರೆ ಪೆಟ್ರೋಲ್ ಸೇರಿಸುತ್ತಿದೆ. ಹತ್ತರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತು ದಾಟಿದರೆ ಎಲ್ಲೋ ಕೊರತೆ ಇದೆ.

ಈ ಅಂಕಿ ಒಂದೇ ಕಡೆ ನೋಡಿದರೆ ಉಪಯೋಗ ಇಲ್ಲ. ಐಡಲ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುವಾಗ) ನೋಡು, ನಿಂತಲ್ಲೇ 2500ಕ್ಕೆ ರೇಸ್ ಕೊಟ್ಟು ನೋಡು, ಏರು ಹತ್ತುವಾಗ ನೋಡು. ಮೂರೂ ಬರೆದುಕೋ. ಗಾಳಿ ಎಲ್ಲಾದರೂ ಸೋರುತ್ತಿದ್ದರೆ ಐಡಲ್‌ನಲ್ಲೇ ಜಾಸ್ತಿ ಗೊತ್ತಾಗುತ್ತದೆ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪ್) ಒಳಗೆ ಸೆಳೆತ ಜಾಸ್ತಿ ಅಲ್ವಾ. ಪೂರ್ತಿ ರೇಸ್ ಕೊಟ್ಟಾಗ ಆ ಸೆಳೆತವೇ ಇರುವುದಿಲ್ಲ. ಅದೇ ಐಡಲ್‌ನಲ್ಲಿ ಸರಿ ಇದ್ದು ಏರಿನಲ್ಲಿ ಮಾತ್ರ ಟ್ರಿಮ್ ಏರಿದರೆ, ಎಂಜಿನ್ ಜಾಸ್ತಿ ಕೇಳಿದಾಗ ಪೆಟ್ರೋಲ್ ಬರುತ್ತಿಲ್ಲ ಅಂತ.

ಗಾಡಿ ಬೇರೆಯವರು ಓಡಿಸಲಿ, ನೀನು ಪಕ್ಕದಲ್ಲಿ ಕೂತು ಫೋನ್ ನೋಡು. ಎರಡನ್ನೂ ಒಬ್ಬನೇ ಮಾಡಬೇಡ.

ಬಿಸಿಲೂರವ, ಕಲಬುರಗಿ

ಸ್ಕ್ಯಾನರ್ ಬಂತು. ನಿನ್ನೆ ಮಧ್ಯಾಹ್ನ ಎರಡಕ್ಕೆ ಹೊರಟೆವು, ಹೊರಗೆ 42 ಡಿಗ್ರಿ. ಚಿಕ್ಕಪ್ಪನ ಮಗ ಓಡಿಸಿದ. ನಾನು ಬರೆದುಕೊಂಡದ್ದು ಇಷ್ಟು.

ಬಿಸಿಯಾದ ಮೇಲೆ ಐಡಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 5. ನಿಂತಲ್ಲೇ 2500ರಲ್ಲಿ ಪ್ಲಸ್ 8. ಏರಿನಲ್ಲಿ ಮೂರನೇ ಗೇರ್, ಅರ್ಧ ಪೆಡಲ್, ಪ್ಲಸ್ 23. ಪೂರ್ತಿ ಪೆಡಲ್ ಒತ್ತಿದಾಗ ಮುಂದಿನ ಆಕ್ಸಿಜನ್ ಸೆನ್ಸರ್ 0.1 ವೋಲ್ಟ್‌ನಲ್ಲೇ ಕೂತಿತ್ತು. ಝಟಕಾ ಹೊಡೆದಾಗಲೆಲ್ಲ ಇದೇ. ಮ್ಯಾನಿಫೋಲ್ಡ್ ಪ್ರೆಷರ್ ಎಂಜಿನ್ ಆಫ್ ಇದ್ದಾಗ 96, ಪೂರ್ತಿ ಪೆಡಲ್‌ನಲ್ಲಿ 94 ಕಿಲೋಪಾಸ್ಕಲ್.

ಇದರಲ್ಲಿ ಏನಾದರೂ ಅರ್ಥ ಇದೆಯಾ ಕಾಕಾ?

ಪಾನಾ ಕಾಕಾ, ಬೀದರ್

ತುಂಬಾ ಇದೆ. ಇಷ್ಟು ನೀಟಾಗಿ ಬರೆದುಕೊಂಡು ಬಂದದ್ದಕ್ಕೆ ಖುಷಿಯಾಯಿತು.

ಪ್ರೆಷರ್ ಮೊದಲು ನೋಡೋಣ. ಆಫ್ ಇದ್ದಾಗ 96 ಅಂದರೆ ಅದು ನಿಮ್ಮೂರಿನ ಹೊರಗಿನ ಗಾಳಿಯ ಒತ್ತಡ. ಬೀದರ್ ಎತ್ತರದಲ್ಲಿದೆ, ನನ್ನ ಗಾಡಿಯಲ್ಲಿ 93ರ ಹತ್ತಿರ ತೋರಿಸುತ್ತದೆ. ಪೂರ್ತಿ ಪೆಡಲ್‌ನಲ್ಲಿ 94 ಬಂತು ಅಂದರೆ ಫಿಲ್ಟರ್, ಪೈಪ್, ಥ್ರಾಟಲ್ ಯಾವುದೂ ಗಾಳಿಯನ್ನು ತಡೆಯುತ್ತಿಲ್ಲ. ಧೂಳಿನ ಮಾತು ಇಲ್ಲಿಗೆ ಬಿಟ್ಟೆವು.

ಯಾದಗಿರಿಯವರು ಕ್ಯಾಟಲಿಟಿಕ್ ಬಗ್ಗೆ ಹೇಳಿದ್ದು ಸರಿಯಾದ ಅನುಮಾನವೇ. ಆದರೆ ಇಲ್ಲಿ ಹೊಂದುವುದಿಲ್ಲ. ನಿನ್ನ ಗಾಡಿ ಗಾಳಿಯನ್ನು ಅಳೆಯುವುದು ಮ್ಯಾನಿಫೋಲ್ಡ್ ಪ್ರೆಷರ್ ಮೇಲೆ. ಸೈಲೆನ್ಸರ್ ಕಡೆ ಕಟ್ಟಿಕೊಂಡಿದ್ದರೆ ನಿಜವಾಗಿ ಒಳಗೆ ಬರುವ ಗಾಳಿ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ. ಆಗ ಪೆಟ್ರೋಲ್ ಜಾಸ್ತಿಯಾಗಿ ರಿಚ್ ತೋರಿಸಬೇಕಿತ್ತು. ನಿನಗೆ ತೋರಿಸುತ್ತಿರುವುದು ಲೀನ್.

ಇ20 ಬಗ್ಗೆಯೂ ಹೇಳುತ್ತೇನೆ. ಎಥನಾಲ್ ಒಳಗೇ ಆಮ್ಲಜನಕ ಇದೆ, ಹಾಗಾಗಿ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ಹೋಗುವುದು ನಿಜ. ಆದರೆ ಹಾಗೆ ಹೋದರೆ ಐಡಲ್‌ನಲ್ಲೂ ಏರಿನಲ್ಲೂ ಒಂದೇ ಸಮ ಹೋಗಬೇಕು. ಐಡಲ್‌ನಲ್ಲಿ 5, ಏರಿನಲ್ಲಿ 23 ಆಗುವುದಿಲ್ಲ.

ಇನ್ನು ಆಕ್ಸಿಜನ್ ಸೆನ್ಸರ್. ಪೂರ್ತಿ ಪೆಡಲ್ ಒತ್ತಿದಾಗ ಇಸಿಯು ಬೇಕಂತಲೇ ಪೆಟ್ರೋಲ್ ಜಾಸ್ತಿ ಹಾಕುತ್ತದೆ. ಸೆನ್ಸರ್ 0.8, 0.9 ತೋರಿಸಬೇಕು. 0.1 ತೋರಿಸಿತು ಅಂದರೆ ಲೀನ್, ಕೇಳಿದಷ್ಟು ಪೆಟ್ರೋಲ್ ಇಂಜೆಕ್ಟರ್‌ವರೆಗೆ ಬರುತ್ತಿಲ್ಲ.

ಹಾಗಾದರೆ ಗ್ಯಾರೇಜ್‌ನವರು ಹೇಳಿದ ಪಂಪೇ ಅಲ್ವಾ ಅಂತ ಕೇಳಬಹುದು. ಇರಬಹುದು. ಆದರೆ ಪಂಪ್ ಒಂದು ಮೋಟರ್. ನಮ್ಮ ಹೊಲದ ಬೋರ್‌ವೆಲ್ ಮೋಟರ್ ನೆನಪಿಸಿಕೋ. ವೋಲ್ಟೇಜ್ ಇಳಿದಾಗ ನೀರು ಎತ್ತುವುದಿಲ್ಲ. ಮೋಟರ್ ಕೆಟ್ಟಿದೆ ಅಂತ ಮೇಲೆತ್ತಿಸಿದರೆ ಎತ್ತಿಸಿದ ಕೂಲಿ ದಂಡ, ತೊಂದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಇರುತ್ತದೆ. ಹಾಗೆಯೇ ಇದು. ಐಡಲ್‌ನಲ್ಲಿ ಎಂಜಿನ್‌ಗೆ ಬೇಕಾಗುವ ಪೆಟ್ರೋಲ್ ಸ್ವಲ್ಪವೇ, ಸೋತ ಪಂಪ್ ಕೂಡ ಕೊಡುತ್ತದೆ. ಏರಿನಲ್ಲಿ ಬಣ್ಣ ಬಯಲಾಗುತ್ತದೆ.

ಪೆಟ್ರೋಲ್ ಲೈನ್ ಬಿಚ್ಚಬೇಡ. ಅದರೊಳಗೆ ಮೂರು ನಾಲ್ಕು ಬಾರ್ ಒತ್ತಡ ಇರುತ್ತದೆ. ಬಿಸಿ ಎಂಜಿನ್ ಮೇಲೆ ಚಿಮ್ಮಿದರೆ ಬೆಂಕಿಯೇ. ಮೊದಲು ಪಂಪ್‌ಗೆ ಎಷ್ಟು ವೋಲ್ಟೇಜ್ ಮುಟ್ಟುತ್ತಿದೆ ನೋಡು. ಹಿಂದಿನ ಸೀಟಿನ ಕೆಳಗೆ ಮುಚ್ಚಳ ಇರುತ್ತದೆ, ಅದರ ಕೆಳಗೆ ಕನೆಕ್ಟರ್. ಗಾಡಿ ಬಯಲಲ್ಲಿ ನಿಲ್ಲಿಸು, ನಾಲ್ಕೂ ಬಾಗಿಲು ತೆಗೆದಿಡು. ಪೆಟ್ರೋಲ್ ವಾಸನೆ ಬಂದರೆ ಕೈ ಬಿಡು.

ಬಿಸಿಲೂರವ, ಕಲಬುರಗಿ

ಇವತ್ತು ಬೆಳಿಗ್ಗೆ ಮಾಡಿದೆ. ಪಂಪ್‌ಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ ಮೇಲೂ ಅನುಮಾನ ಇತ್ತು, ಅದೇ ನಂಬರಿನ ಹಾರ್ನ್ ರಿಲೇ ಹಾಕಿ ಓಡಿಸಿದೆ, ಏನೂ ಬದಲಾಗಲಿಲ್ಲ.

ಸೀಟ್ ಎತ್ತಿ ಕನೆಕ್ಟರ್ ತೆಗೆದು, ವೈರ್ ಕಡೆಯ ಪಿನ್‌ಗಳಿಗೆ ಮೀಟರ್ ಹಿಡಿದೆ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ 12.4 ವೋಲ್ಟ್ ಬಂತು. ಬ್ಯಾಟರಿಯಲ್ಲೂ 12.4. ವೋಲ್ಟೇಜ್ ಸರಿ ಇದೆ ಅನಿಸುತ್ತದೆ. ಹಾಗಾದರೆ ಪಂಪ್ ಹಾಕಿಸಬೇಕಾ?

ಸೇಡಂ ರಸ್ತೆ, ಕಲಬುರಗಿ

ಪೂರ್ತಿ ವೋಲ್ಟೇಜ್ ಬಂತಲ್ಲ, ಇನ್ನೇನು? ಪಂಪ್ ಹಾಕಿಸಿಬಿಡಿ. ಸುಮ್ನೆ ದಿನ ತಳ್ಳುವುದಕ್ಕಿಂತ ಅದು ಒಳ್ಳೆಯದು. ಅವ್ವನನ್ನು ಕರೆದುಕೊಂಡು ಹೋಗುವ ಗಾಡಿ.

ಪಾನಾ ಕಾಕಾ, ಬೀದರ್

ತಡೆಯಿರಿ. ಈ ಪರೀಕ್ಷೆಯಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಮಿಸ್ತ್ರಿಗಳೂ ಹೋಗುತ್ತಾರೆ.

ಕನೆಕ್ಟರ್ ತೆಗೆದಾಗ ವೈರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಮೀಟರ್ ಎಳೆಯುವುದು ಇಲ್ಲ ಅನ್ನುವಷ್ಟು ಕಡಿಮೆ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಎಲ್ಲೂ ಇಳಿಯುವುದಿಲ್ಲ. ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12.4 ತೋರಿಸುತ್ತದೆ. ಪಂಪ್ ಓಡುವಾಗ ಸುಮಾರು 5 ಆಂಪ್ ಎಳೆಯುತ್ತದೆ ಅಂತ ಇಟ್ಟುಕೋ. ದಾರಿಯಲ್ಲಿ ಎಲ್ಲೋ 0.6 ಓಮ್ ಅಡ್ಡ ಇದ್ದರೆ 5 ಗುಣಿಸು 0.6, ಮೂರು ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. 0.6 ಓಮ್ ಅಂದರೆ ಸಾಧಾರಣ ಮೀಟರಿನ ಓಮ್ ಸ್ಕೇಲ್‌ನಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಹೀಗೆ ಮಾಡು. ಕನೆಕ್ಟರ್ ಹಾಕಿದ ಹಾಗೆಯೇ ಇರಲಿ. ಹಿಂದಿನಿಂದ ವೈರ್ ಪಕ್ಕದಲ್ಲಿ ಒಂದೊಂದು ಗುಂಡುಪಿನ್ ತೂರಿಸು, ಒಂದಕ್ಕೊಂದು ತಾಗಬಾರದು. ಗಾಡಿಯನ್ನು ಮಧ್ಯಾಹ್ನ ತೊಂದರೆ ಬರುವವರೆಗೆ ಓಡಿಸಿ ತಂದು ನಿಲ್ಲಿಸು. ಎಂಜಿನ್ ಬಂದ್ ಮಾಡಬೇಡ. ಪಂಪ್ ಐಡಲ್‌ನಲ್ಲೂ ಓಡುತ್ತಲೇ ಇರುತ್ತದೆ, ಹಾಗಾಗಿ ನಿಂತಲ್ಲೇ ಅಳೆಯಬಹುದು. ಮೂರು ಅಳತೆ ಬೇಕು. ಪಂಪ್‌ನ ಎರಡು ಪಿನ್ ನಡುವೆ ಎಷ್ಟು. ಬ್ಯಾಟರಿ ಪ್ಲಸ್‌ನಿಂದ ಪಂಪ್ ಪ್ಲಸ್‌ಗೆ ಎಷ್ಟು. ಪಂಪ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ ಎಷ್ಟು. ಕೊನೆಯ ಎರಡು ಅರ್ಧ ವೋಲ್ಟ್ ಒಳಗೆ ಇರಬೇಕು. ಮೀಟರ್ ವೈರ್ ಸಾಲುವುದಿಲ್ಲ, ಉದ್ದದ ವೈರ್ ಸೇರಿಸಿಕೋ.

ಬಿಸಿಲೂರವ, ಕಲಬುರಗಿ

ಕಾಕಾ! ಸಿಕ್ಕಿತು!

ನಿನ್ನೆ ಮೂರು ಗಂಟೆಗೆ ವಾಪಸ್ ಬಂದು ಮನೆ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿ ಅಳೆದೆವು. ಬ್ಯಾಟರಿಯಲ್ಲಿ 13.8. ಪಂಪ್ ಪಿನ್‌ಗಳ ನಡುವೆ ಬರೀ 10.4! ಪ್ಲಸ್ ಕಡೆ ಇಳಿದದ್ದು 0.3. ಮೈನಸ್ ಕಡೆ 3.1. ಮೂರು ಸಲ ಅಳೆದೆ, ಅದೇ ಬಂತು. ಇವತ್ತು ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಮತ್ತೆ ಅಳೆದೆ, ಮೈನಸ್ ಕಡೆ 0.9. ಬೆಳಿಗ್ಗೆ ಯಾಕೆ ತೊಂದರೆ ಇರುತ್ತಿರಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಂತಾಯಿತು.

ಪಂಪ್‌ನ ಕಪ್ಪು ವೈರ್ ಹಿಡಿದುಕೊಂಡು ಹೋದೆ. ಅದು ಹಿಂದಿನ ಸೀಟಿನ ಎಡಗಡೆ, ಬಾಗಿಲ ಪಟ್ಟಿಯ ಪಕ್ಕದಲ್ಲಿ ಕಾರ್ಪೆಟ್ ಕೆಳಗೆ ಬಾಡಿಗೆ ಬೋಲ್ಟ್ ಆಗಿದೆ. ಕಾರ್ಪೆಟ್ ಎತ್ತಿದೆ. ಕೆಳಗೆ ಒಣಗಿದ ಕಪ್ಪು ಮಣ್ಣಿನ ಪದರ. ಬೋಲ್ಟ್ ತುಂಬಾ ತುಕ್ಕು, ಲಗ್ (ವೈರ್ ತುದಿಯ ಲೋಹದ ಬಳೆ) ಕೆಳಗೆ ಬಿಳಿ ಹಸಿರು ಪುಡಿ.

ಮಣ್ಣು ಎಲ್ಲಿಂದ ಬಂತು ಅಂತ ನನಗೆ ತಿಳಿಯಲಿಲ್ಲ. ಅವ್ವನಿಗೆ ತೋರಿಸಿದೆ. ಅವಳು ನೋಡಿದ ಕೂಡಲೇ ಹೇಳಿದಳು. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೊಳೆ ಬಂದಾಗ ಅಪ್ಪ ಗಾಡಿ ತೆಗೆದುಕೊಂಡು ಅಫಜಲಪುರ ಕಡೆ ಹೊಳೆ ದಂಡೆಯ ಸೋದರಮಾವನ ಊರಿಗೆ ಹೋಗಿದ್ದರಂತೆ. ಒಂದು ರಾತ್ರಿ ಗಾಡಿ ನೀರಿನಲ್ಲಿ ನಿಂತಿತ್ತು. ಬಾಗಿಲ ಕೆಳಗಿನ ಅಂಚಿಗೆ ನೀರು ಬಂದಿತ್ತು. ಆಮೇಲೆ ತೊಳೆಸಿ ಒಣಗಿಸಿದರು, ಚೆನ್ನಾಗಿಯೇ ಓಡಿತು. ನಾನು ಆಗ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೆ. ಚಿಂತೆ ಮಾಡುತ್ತೇನೆ ಅಂತ ನನಗೆ ಹೇಳಿರಲಿಲ್ಲ. ಈಗ ಅಪ್ಪ ಇಲ್ಲ. ನೀವು ಮೊದಲ ದಿನವೇ ಕೇಳಿದ್ದಿರಿ ಕಾಕಾ, ನನಗೆ ಗೊತ್ತೇ ಇರಲಿಲ್ಲ.

ಪಾನಾ ಕಾಕಾ, ಬೀದರ್

ಅಪ್ಪನ ವಿಷಯ ಕೇಳಿ ಬೇಜಾರಾಯಿತು ತಮ್ಮಾ.

ಹೊಳೆ ನೀರು ಇಳಿದರೂ ಕಾರ್ಪೆಟ್ ಕೆಳಗಿನ ಮಣ್ಣು ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದೆ. ಕೆಟ್ಟ ಜಾಯಿಂಟ್‌ನಲ್ಲಿ ಕರೆಂಟ್ ಹರಿದಾಗ ಅದೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಅಡ್ಡ ಜಾಸ್ತಿ. ಮೇಲೆ ನಮ್ಮ ಬಿಸಿಲು. ಟ್ಯಾಂಕ್ ಕಡಿಮೆ ಇದ್ದಾಗ ಪಂಪ್‌ಗೆ ಸುತ್ತಲಿನ ಪೆಟ್ರೋಲ್‌ನ ತಂಪೂ ಸಿಗುವುದಿಲ್ಲ.

ಬ್ಯಾಟರಿ ಮೈನಸ್ ತೆಗೆದು ಕೆಲಸ ಶುರು ಮಾಡು. ಹಳೆಯ ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡು. ವೈರ್ ಒಳಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸು. ಬಾಡಿಯ ಜಾಗವನ್ನು ಸ್ಯಾಂಡ್ ಪೇಪರ್‌ನಿಂದ ಬೆಳ್ಳಗಾಗುವವರೆಗೆ ಉಜ್ಜು. ಸ್ಟಾರ್ ವಾಷರ್ ಹಾಕಿ ಬಿಗಿಮಾಡಿ, ಆಮೇಲೆ ಮೇಲಿಂದ ವ್ಯಾಸಲಿನ್ ಸವರು. ಕಾರ್ಪೆಟ್ ಪೂರ್ತಿ ತೆಗೆದು ಆ ಮಣ್ಣನ್ನೆಲ್ಲ ಬಳಿದು ಹಾಕು. ಅಲ್ಲಿ ಬೇರೆ ಅರ್ಥಿಂಗ್ ಬೋಲ್ಟ್ ಇದ್ದರೆ ಅವನ್ನೂ ನೋಡು.

ಬಿಸಿಲೂರವ, ಕಲಬುರಗಿ

ಹೊಸ ಲಗ್, ಬೋಲ್ಟ್, ವಾಷರ್, ಸ್ಯಾಂಡ್ ಪೇಪರ್, ಎಲ್ಲ ಸೇರಿ 60 ರೂಪಾಯಿ ಆಯಿತು. ನಿನ್ನೆ ಇಡೀ ಬೆಳಿಗ್ಗೆ ಕಾರ್ಪೆಟ್ ತೊಳೆಯುವುದಕ್ಕೇ ಹೋಯಿತು. ಅರ್ಧ ಬಕೆಟ್ ಮಣ್ಣು ಬಂತು.

ಮಧ್ಯಾಹ್ನ ಹುಮನಾಬಾದ್‌ವರೆಗೆ ಹೋಗಿ ಬಂದೆವು. ಎಸಿ ಹಾಕಿ, ನಾಲ್ಕು ಜನ ಕೂತು, ಬೇಕಂತಲೇ ಕಾಲು ಟ್ಯಾಂಕ್‌ನಲ್ಲಿ. ಅದೇ ಏರು, ಅದೇ ಮೂರನೇ ಗೇರ್. ಪೆಡಲ್ ಒತ್ತಿದರೆ 4500ರವರೆಗೆ ತಡೆಯಿಲ್ಲದೆ ಏರಿತು. ಆಕ್ಸಿಜನ್ ಸೆನ್ಸರ್ 0.86. ವಾಪಸ್ ಬಂದು ಬಿಸಿ ಇದ್ದಾಗಲೇ ಅಳೆದೆ. ಪಂಪ್‌ನಲ್ಲಿ 13.4, ಮೈನಸ್ ಕಡೆ ಇಳಿತ 0.1.

ಕೋಡ್ ಅಳಿಸಿದ್ದೇನೆ. ಬರುವ ಮಂಗಳವಾರ ಸೊಲ್ಲಾಪುರ.

ಭೀಮಾ ದಂಡೆ, ಯಾದಗಿರಿ

ಓದಿ ತುಂಬಾ ಸಂತೋಷವಾಯಿತು. ಆ ಸಲದ ಹೊಳೆಯಲ್ಲಿ ನಮ್ಮ ಕಡೆಯೂ ಎಷ್ಟೋ ಗಾಡಿ ನೀರಿನಲ್ಲಿ ನಿಂತಿದ್ದವು. ಯಾರಾದರೂ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಕಾರ್ಪೆಟ್ ಎತ್ತಿ ನೋಡುವುದು ಒಳ್ಳೆಯದು. ಒಂದು ಪ್ರಶ್ನೆ, ಇಷ್ಟು ದಿನ ಕಡಿಮೆ ವೋಲ್ಟೇಜ್‌ನಲ್ಲಿ ಓಡಿದ ಪಂಪ್‌ಗೆ ಪೆಟ್ಟಾಗಿರುವುದಿಲ್ಲವಾ?

ಪಾನಾ ಕಾಕಾ, ಬೀದರ್

ಆಗಿರಬಹುದು. ಆದರೆ ಪೂರ್ತಿ ಪೆಡಲ್‌ನಲ್ಲಿ ಸೆನ್ಸರ್ 0.86 ಬಂತಲ್ಲ, ಇವತ್ತಿಗೆ ಪಂಪ್ ಸಾಕಷ್ಟು ಕೊಡುತ್ತಿದೆ. ತಿಂಗಳಿಗೊಮ್ಮೆ ಏರಿನಲ್ಲಿ ಟ್ರಿಮ್ ನೋಡಿ ಬರೆದಿಡಲಿ. ನಿಧಾನಕ್ಕೆ ಏರುತ್ತಾ ಹೋದರೆ ಆಗ ಪಂಪ್ ವಿಚಾರ ಮಾಡೋಣ.

ಬಿಸಿಲೂರವ, ಕಲಬುರಗಿ

ಸೊಲ್ಲಾಪುರಕ್ಕೆ ಹೋಗಿ ಬಂದೆವು. ಹೋಗುತ್ತಾ ಬರುತ್ತಾ ಒಂದು ಝಟಕಾ ಇಲ್ಲ. ಟ್ರಿಮ್ ಐಡಲ್‌ನಲ್ಲಿ 4, ಏರಿನಲ್ಲಿ 6. ಅವ್ವ ವಾಪಸ್ ಬರುವಾಗ ಪೂರ್ತಿ ನಿದ್ದೆ ಮಾಡಿದಳು, ಹೋದ ಸಲ ಇಡೀ ದಾರಿ ಸೀಟ್ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಕಾಕಾ, ನಿಮ್ಮ ಕೈಗೆ ಶರಣು. ಬೀದರ್‌ಗೆ ಬಂದಾಗ ಖಂಡಿತ ಭೇಟಿಯಾಗುತ್ತೇನೆ.

ಸೇಡಂ ರಸ್ತೆ, ಕಲಬುರಗಿ

ಪಂಪ್ ಹಾಕಿಸಿ ಅಂದಿದ್ದೆ, ತಪ್ಪಾಗುತ್ತಿತ್ತು. ನನ್ನ ಗಾಡಿಯಲ್ಲೂ ಆ ಬೋಲ್ಟ್ ನೋಡಬೇಕು ಅಂತಿದ್ದೇನೆ. ಸೀಟ್ ತೆಗೆಯುವುದು ಕಷ್ಟವಾ?

ಬಿಸಿಲೂರವ, ಕಲಬುರಗಿ

ನನ್ನ ಗಾಡಿಯಲ್ಲಿ ಸುಲಭ ಇತ್ತು. ಕೂರುವ ಸೀಟಿನ ಮುಂದಿನ ಅಂಚನ್ನು ಎರಡೂ ಕಡೆ ಮೇಲಕ್ಕೆ ಜೋರಾಗಿ ಎಳೆದರೆ ಕ್ಲಿಪ್ ಬಿಡುತ್ತದೆ, ಆಮೇಲೆ ಮುಂದಕ್ಕೆ ಎಳೆದು ತೆಗೆಯಬೇಕು. ಅರ್ಥಿಂಗ್ ಬೋಲ್ಟ್‌ಗೆ 10 ಎಂಎಂ ಪಾನಾ ಸಾಕು. ಸಿಕ್ಕಿಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ, ಜೋರು ಮಾಡಿದರೆ ಬೋಲ್ಟ್ ತುಂಡಾಗುತ್ತದೆ. ವಾಪಸ್ ಕೂರಿಸುವ ಮೊದಲು ಸೀಟ್ ಬೆಲ್ಟ್ ಬಕಲ್‌ಗಳನ್ನು ಮೇಲೆ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸೀಟ್ ಕೆಳಗೇ ಉಳಿದುಬಿಡುತ್ತವೆ.